ಜಗ್ಗಿದಷ್ಟೂ ಹಗುರ

ಮಂಡಿಪೇಟೆಯಲ್ಲಿ ತಕ್ಕಡಿ ರಿಪೇರಿ ನನ್ನ ಕಸುಬು.
ಬರೆದ ತೂಕವನ್ನು ನಂಬಿದವನಲ್ಲ;
ಸೀಲು ಒತ್ತಿದ ಬಟ್ಟನ್ನೂ ಒಮ್ಮೆ
ಅಂಗೈಯಲ್ಲಿ ತೂಗಿಯೇ ಪಕ್ಕಕ್ಕಿಡುವವನು.

ಮಗಳು ಕೊಟ್ರಮ್ಮನಿಗೆ ಬಿಲ್ಲು ಬೇಕು.
ಬಿದಿರಿನದಲ್ಲ,
ಎರಡೂ ತುದಿಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲು.
ಬೆಲೆ ಕೇಳಿ ಅವಳಮ್ಮ ಹಾಲು ಉಕ್ಕಲು ಬಿಟ್ಟಳು.
ನಾನು ನೂರು ಪುಟದ ನೋಟುಬುಕ್ಕು ತಂದೆ.

ಮೂರು ತಿಂಗಳು, ಷಟರು ಎಳೆದ ಮೇಲೆ, ಬರೆದೆ:
ಗಾಲಿಯಿಂದ ಗಾಲಿಗೆ ಮೂವತ್ತೆರಡು ಇಂಚು,
ಮೋಟು ಬಿಲ್ಲು ಚುರುಕು, ಉದ್ದನೆಯದು ಸಮಾಧಾನಿ.
ಹಿಡಿಯಿಂದ ಹುರಿಗೆ ಏಳು ಇಂಚು,
ಅದು ತಗ್ಗಿದರೆ ವೇಗ ಹೆಚ್ಚು, ತಪ್ಪಿಗೆ ಕ್ಷಮೆ ಕಡಿಮೆ.
ಈ ಸಾಲಿನ ಕೆಳಗೆ ಎರಡು ಗೆರೆ.

ಬಾಣದ ತೂಕ ಗ್ರೇನಿನಲ್ಲಂತೆ.
ಅಕ್ಕಸಾಲಿ ವೀರಾಚಾರಿಯನ್ನು ಕೇಳಿದೆ.
ಗುಲಗಂಜಿಗೆ ಹೆಚ್ಚುಕಡಿಮೆ ಎರಡು ಗ್ರೇನು, ಎಂದ
ಕಣ್ಣಿನ ಮಸೂರ ತೆಗೆಯದೆ.
ಹಾಗಾದರೆ ಬಾಣ ಅಂದರೆ
ಒಂದು ಹಿಡಿ ಕೆಂಪು ಕಾಳು, ಕಪ್ಪು ಮೂತಿಯವು,
ಸಾಲು ತಪ್ಪದೆ ಗಾಳಿಯಲ್ಲಿ ಹೋಗುವುದು.

ಸೆಕೆಂಡಿಗೆ ಮುನ್ನೂರಿಪ್ಪತ್ತು ಅಡಿ ವೇಗ
ಎಂದು ದಪ್ಪಕ್ಷರದಲ್ಲಿ ಸಾರಿತ್ತು ಒಂದು ಕಂಪನಿ.
ಯಾರ ಕೈಯಲ್ಲಿ, ಸ್ವಾಮಿ?
ಕೆಳಗೆ ಇರುವೆ ಸಾಲಿನಂಥ ಅಕ್ಷರ:
ಎಪ್ಪತ್ತು ಪೌಂಡು, ಮೂವತ್ತು ಇಂಚು ಎಳೆತ.
ಅಂಥ ತೋಳು ನಮ್ಮ ಓಣಿಯಲ್ಲಿ ಒಬ್ಬನದೇ,
ಮೆಕ್ಕೆಜೋಳದ ಚೀಲ ಹೊರುವ ಗೋಣೆಪ್ಪನದು.
ಕೊಟ್ರಮ್ಮನನ್ನು ಗೋಡೆಗೆ ನಿಲ್ಲಿಸಿ ತೋಳು ಚಾಚಿಸಿ
ಬೆರಳ ತುದಿಗೆ ಸೀಮೆಸುಣ್ಣದ ಗುರುತು ಹಾಕಿದೆ:
ಅರವತ್ತೆರಡೂವರೆ. ಎರಡೂವರೆಯಿಂದ ಭಾಗಿಸಿದರೆ
ಇಪ್ಪತ್ತೈದು ಇಂಚು ಎಳೆತ.
ಆ ಮುನ್ನೂರಿಪ್ಪತ್ತು ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ
ಇನ್ನೂರ ಹತ್ತು ಉಳಿದರೆ ಹೆಚ್ಚು.
ಗೋಡೆಯ ಗುರುತು ಅಳಿಸಬೇಡಿ
ಅಂದಿದ್ದಾಳೆ ಅವಳಮ್ಮ.

ಕುಂದುವಾಡ ಕೆರೆಯ ಆಚೆ ಬಯಲಲ್ಲಿ
ದಸ್ತಗೀರ್ ಮಾಸ್ತರು ಕಲಿಸುತ್ತಾರೆ.
ಅಲ್ಲಿಗೆ ನನ್ನ ಸ್ಪ್ರಿಂಗ್ ತಕ್ಕಡಿ ಒಯ್ದು
ಜಾಲಿಕೊಂಬೆಗೆ ನೇತುಹಾಕಿ
ಹಳೇ ಬಿಲ್ಲೊಂದರ ಹುರಿಯನ್ನು ಕೊಕ್ಕೆಗೆ ಸಿಕ್ಕಿಸಿ
ಹಿಡಿಯನ್ನು ಕೆಳಕ್ಕೆ ಜಗ್ಗಿದೆ.
ಮುಳ್ಳು ಹತ್ತು ದಾಟಿತು, ಹದಿನೈದು, ಹದಿನೆಂಟು ಕೆಜಿ.
ಇನ್ನೂ ಜಗ್ಗಿದೆ.
ಮುಳ್ಳು ಬಿತ್ತು.
ಮೂರೂವರೆ.

ಮೂವತ್ತು ವರ್ಷದ ಕಸುಬಿನಲ್ಲಿ
ಜಗ್ಗಿದಷ್ಟೂ ಕಮ್ಮಿ ತೋರಿಸುವ ಮುಳ್ಳಿಗೆ
ಮೋಸ ಎಂಬ ಹೆಸರೊಂದೇ ಗೊತ್ತು ನನಗೆ,
ಎಷ್ಟು ತಕ್ಕಡಿಗಳ ಹೊಟ್ಟೆ ಬಿಚ್ಚಿದ್ದೇನೋ ಅದಕ್ಕಾಗಿ.
‘ಮೋಸ ಅಲ್ಲ ಕರಿಬಸಣ್ಣ, ಗಾಲಿ ಹೊತ್ಕೊಂಡೈತೆ.
ಗುರಿ ನೋಡಾಕೆ ಒಂದಿಷ್ಟು ಹೊತ್ತು ಬೇಕಲ್ಲ’
ಅಂದರು ಮಾಸ್ತರು.

ಆಮೇಲೆ ಕೇಳಿದರು, ನೋಟುಬುಕ್ಕಿನಲ್ಲಿ ಇಲ್ಲದ್ದನ್ನು:
ಹುಡುಗಿಯ ಗಟ್ಟಿಗಣ್ಣು ಯಾವುದು?
ಎರಡೂ ಅಂಗೈ ಕೂಡಿಸಿ ಕಿಂಡಿ ಮಾಡಿಸಿ
ದೂರದ ನೀರಿನ ಟ್ಯಾಂಕು ತೋರಿಸಿದರು.
ಬಲಗಣ್ಣು ಮುಚ್ಚಿದಳು, ಟ್ಯಾಂಕು ಅಲ್ಲೇ.
ಎಡಗಣ್ಣು ಮುಚ್ಚಿದಳು, ಟ್ಯಾಂಕು ಮಾಯ.
ಬಲಗೈಯಲ್ಲಿ ಬರೆಯುತ್ತಾಳೆ, ಉಣ್ಣುತ್ತಾಳೆ, ತಮ್ಮನಿಗೆ ಗುದ್ದುತ್ತಾಳೆ;
ನೋಡುವುದು ಮಾತ್ರ ಎಡಗಣ್ಣಿನಿಂದ.
ಹದಿನಾರು ವರ್ಷ ಎದುರಿಗೇ ಕೂತು ಉಂಡಿದ್ದೇನೆ.
ಎಡಗೈ ಬಿಲ್ಲು ತರಿಸಲು ಆರು ವಾರ, ಎಂದರು.

ಅಷ್ಟರಲ್ಲಿ ಅವಳು ಆ ಹಳೇ ಬಿಲ್ಲನ್ನೇ ಎತ್ತಿ
ಬಾಣವಿಲ್ಲದೆ ಪೂರ್ತಿ ಎಳೆದು ನಿಂತಿದ್ದಳು.
‘ಬಿಡಬ್ಯಾಡ!’
ಬರಿದೆ ಬಿಟ್ಟರೆ ಬಿಲ್ಲಿನ ತೋಳು ಸೀಳುತ್ತದೆ,
ಬಂದ ದಾರಿಯಲ್ಲೇ ಇಳಿಸಬೇಕು,
ಬಿಟ್ಟು ಬಂದ ಹದಿನೆಂಟು ಕೆಜಿ
ಅಲ್ಲೇ ಕಾದು ಕೂತಿರುತ್ತದೆ.
ಅವಳ ಮೊಣಕೈ ನಡುಗಿತು.
ನಾನು ಇಲ್ಲದ ಮುಳ್ಳನ್ನು ನೋಡುತ್ತ ಎಣಿಸಿದೆ:
ಮೂರೂವರೆ, ಹದಿನೆಂಟು, ಹತ್ತು, ನಾಲ್ಕು,
ಸೊನ್ನೆ.

ಮರಳುವಾಗ ಸ್ಕೂಟರಿನ ಹಿಂದೆ ಕೂತು
ನೋಟುಬುಕ್ಕಿನ ಮೊದಲ ಪುಟದಲ್ಲಿ ‘ಎಡ’ ಎಂದು ಬರೆದಳು,
ಬಲಗೈಯಲ್ಲೇ.
ರಸ್ತೆಯ ಗುಂಡಿಗೆ ‘ಡ’ದ ಬಾಲ
ಹಾಳೆಯ ಅಂಚಿನವರೆಗೂ ಹೋಗಿದೆ.