ಅರವತ್ತು ತೊಲ

ಹದಿನಾಲ್ಕು ತಿಂಗಳಿಗೆ ಲೈಸೆನ್ಸು ನನ್ನ ಹೆಸರಿಗೆ ಬಂತು.
ಕಾಳಿಕಾಂಬಳ ದೀರ್ಘ ನುಂಗಿ
ಕಳಿಕಾಂಬ ಅಂತ ಬರೆದಿದ್ದಾರೆ,
ಕಳಿತ ಬಾಳೆಹಣ್ಣಿನ ಹಾಗೆ.
ಇರಲಿ.

ಇನ್‌ಫೆಂಟ್ರಿ ರಸ್ತೆಯ ಪಕ್ಕದ ಸಂದಿ, ಮಹಡಿ ಮೇಲಿನ ಅಂಗಡಿ.
ಇನಾಯತ್ ಸಾಹೇಬರು ಹಸಿರು ಬಟ್ಟೆ ಹಾಸಿ
ಎರಡನ್ನೂ ಜೋಡಿಸಿಟ್ಟರು,
ನಾವು ಗಿರಾಕಿಗೆ ಓಲೆ ಪಕ್ಕ ಓಲೆ ಇಡುವ ಹಾಗೆ.
ಒಂದು ಇವರ ರಿವಾಲ್ವರು,
ಇಷ್ಟು ದಿನ ಸಾಹೇಬರ ಕಬ್ಬಿಣದ ಬೀರುವಿನಲ್ಲಿದ್ದದ್ದು.
ಇನ್ನೊಂದು ಹೊಸ ಪಿಸ್ತೂಲು, ಚಪ್ಪಟೆ,
ಒಂಟಿಕೊಪ್ಪಲಿನ ಪಂಚಾಂಗದಷ್ಟೇ ದಪ್ಪ.

"ಇದು ಎತ್ತಮ್ಮಾ, ಅದು ಕುದುರೆ.
ಎತ್ತಿಗೆ ಓಟ ಇಲ್ಲ, ಆರೇ ಹೆಜ್ಜೆ, ಆದರೆ ಹಟ ಮಾಡಲ್ಲ.
ಕುದುರೆಗೆ ಎಂಟು. ದಿನಾ ಮಾಲೀಸು ಬೇಕು.
ಚೀಲದ ಧೂಳು, ಒಂದು ತಲೆಗೂದಲು ಸಿಕ್ಕಿಕೊಂಡರೂ
ಮುನಿಸಿಕೊಂಡು ನಿಂತುಬಿಡುತ್ತೆ."

ಅಂಗೈಯಲ್ಲಿ ತೂಗಿ ನೋಡಿದೆ.
ಮೂವತ್ತು ವರ್ಷ ತಕ್ಕಡಿ ಹಿಡಿದ ಕೈ ಇದು,
ಗುಲಗಂಜಿ ಆಚೀಚೆ ಆಗುವುದಿಲ್ಲ.
ಎತ್ತು ಅರವತ್ತು ತೊಲ. ಕುದುರೆ ಐವತ್ತೆಂಟು.
ಅರವತ್ತು ತೊಲ
ನನ್ನ ಮದುವೆಯಲ್ಲಿ ಎರಡೂ ಕಡೆಯವರದು ಸೇರಿಸಿದರೂ ಇರಲಿಲ್ಲ.

ಹನ್ನೊಂದು ವರ್ಷ ಇವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು
ಕರಗಿಸಿದ ಗಟ್ಟಿ ಹಿಡಿದು
ನಗರ್ತಪೇಟೆಯ ಗಲ್ಲಿ ಗಲ್ಲಿ ದಾಟಿದರು.
ನನಗೆ ಗೊತ್ತಿದ್ದದ್ದು ಒಂದೇ:
ಶರಟಿನ ಬಲಮಗ್ಗುಲಲ್ಲಿ ಬೊಗಸೆಯಷ್ಟು ಎಣ್ಣೆ ಕಲೆ.
ಸೋಪಿಗೆ ಹೋಗಲಿಲ್ಲ, ಸುಣ್ಣಕ್ಕೆ ಹೋಗಲಿಲ್ಲ,
ಕೊನೆಗೆ ಬರಿ ಕಪ್ಪು ಶರಟು ಹೊಲಿಸಿದೆ.
ಮದುವೆಮನೆಯಲ್ಲಿ ಚಕ್ಕಂಬಕ್ಕಲ ಹಾಕಲಾಗದೆ
ಮುದುಕರ ಮೇಜಿನಲ್ಲಿ ಕೂತು ಉಣ್ಣುವರು.
ಚುನಾವಣೆ ಬಂದರೆ ಹಲಸೂರು ಗೇಟ್ ಠಾಣೆಗೆ ಒಪ್ಪಿಸಿ
ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಬರುವರು.
ಆಗಲೂ ಬಲಕ್ಕೆ ವಾಲಿಯೇ ನಡೆಯುವರು,
ಏನೂ ಇಲ್ಲದ ಸೊಂಟದ ಭಾರಕ್ಕೆ.

"ಒತ್ತಿ ನೋಡಿ. ಖಾಲಿ ಇದೆ."
ಎತ್ತಿನ ಕುದುರೆ ಗಟ್ಟಿ,
(ಎತ್ತಿಗೂ ಒಂದು ಕುದುರೆ ಇರುತ್ತಂತೆ, ಬೆರಳಿಗೆ, ನಾನು ನಕ್ಕೆ)
ಸಂಧಿವಾತದ ಬೆರಳು ನಡುಗಿತು, ಆದರೂ ಬಿತ್ತು.
ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಜಗ್ಗಬೇಕು.
ಜಗ್ಗಿದೆ. ಇನ್ನೊಮ್ಮೆ ಜಗ್ಗಿದೆ.
ಬಳೆ ಮೊಣಕೈಗೆ ಏರಿತು, ಅದು ಕದಲಲಿಲ್ಲ.

"ಗುಂಡು ಸಿಡಿಯದೇ ಹೋದರೆ?"
"ಇದಾದರೆ ಮತ್ತೊಮ್ಮೆ ಒತ್ತಿ, ಮುಂದಿನದು ಬಂದು ನಿಲ್ಲುತ್ತೆ.
ಅದಾದರೆ ಎರಡೂ ಕೈ ಬೇಕು."
"ಒಂದು ಕೈಯಲ್ಲಿ ಡಬ್ಬಿ ಇರುತ್ತಲ್ಲ ಸಾಹೇಬ್ರೇ."
ಅವರು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಇವರಿಗೆ ಎದೆ ಹಿಡಿದದ್ದು ಅಂಗಡಿಯ ಮೂರನೆಯ ಮೆಟ್ಟಿಲಲ್ಲಿ.
ವಿಕ್ಟೋರಿಯಾದಲ್ಲಿ ಬೆಲ್ಟು ಬಿಚ್ಚಿದ ನರ್ಸು
ಕಿಟಾರನೆ ಕಿರುಚಿ ಹಿಂದೆ ಸರಿದಳು.
ಕಾನ್‌ಸ್ಟೇಬಲ್ ಬಂದು ಎಣಿಸಿ ಬರೆದುಕೊಂಡ: ಆರು.
ಆರಕ್ಕೆ ಆರೂ.

ಸಾಹೇಬರು ನಳಿಗೆ ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.
ಬಹಳ ಹೊತ್ತು ನೋಡಿದರು.
"ಎಷ್ಟು ಸಲ ಹಾರಿಸಿದ್ದರು ಆಚಾರ್ರು?"
"ಗೊತ್ತಿಲ್ಲ."
"ಹೊರಗೆ ನೋಡಿ, ಸೊಂಟಕ್ಕೆ ಉಜ್ಜಿ ಉಜ್ಜಿ
ನೀಲಿ ಬಣ್ಣವೆಲ್ಲ ಹೋಗಿ ಬೆಳ್ಳಿ ಆಗಿದೆ.
ಒಳಗೆ ಹೊಸದಮ್ಮಾ. ಫ್ಯಾಕ್ಟರಿಯಿಂದ ಬಂದ ಹಾಗೇ."

ಒರೆಗಲ್ಲಿಗೆ ತಿಕ್ಕುವ ನಮಗೆ
ಹೊರಗೊಂದು ಒಳಗೊಂದು ಅಂದರೆ ಮೋಸ.
ಆದರೆ ಇದು ಯಾವ ಲೆಕ್ಕಕ್ಕೆ ಸೇರುತ್ತದೋ.

ಖಾತೆಯಲ್ಲಿ ಸಹಿ ಮಾಡಿದೆ, ಬಿಟ್ಟ ದೀರ್ಘ ಹಾಕಿಯೇ.
ಸೀರೆಗೆ ಬೆಲ್ಟು ನಿಲ್ಲುವುದಿಲ್ಲ.
ಚೀಲದ ಒಳಗೊಂದು ಜೇಬು ಹೊಲಿಸಬೇಕು,
ಬೀಪಿ ಮಾತ್ರೆ, ಕುಂಕುಮದ ಭರಣಿ, ಅಂಗಡಿ ಬೀಗದ ಕೈ
ಯಾವುದೂ ಅದಕ್ಕೆ ತಾಗದ ಹಾಗೆ.
ಆಟೋದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡೆ.
ಕಾರ್ಪೊರೇಷನ್ ಸರ್ಕಲ್ಲಿನ ತಿರುವಿನಲ್ಲಿ ಗಮನಿಸಿದೆ:
ನಾನೂ ಆಗಲೇ
ಬಲಕ್ಕೆ ವಾಲಿ ಕೂತಿದ್ದೆ.