ಎರಡನೆಯ ಮುದ್ರಣಕ್ಕೆ ಒಂದು ತಿದ್ದುಪಡಿ

ಪ್ರಶಸ್ತಿ ಬಂದ ಮರುದಿನ
ಅರಬಾ ಕ್ವಾನ್ಸಾ ಎತ್ತರದ ಚಪ್ಪಲಿ ಮೂಲೆಗೆಸೆದು
ಅಕ್ರಾದಿಂದ ಸೆಕೊಂಡಿಗೆ ವ್ಯಾನು ಹತ್ತಿದಳು.
ತೊಡೆಯ ಮೇಲೆ ಪುಸ್ತಕ. ನಾನೂರ ಅರವತ್ತು ಪುಟ,
ಹನ್ನೊಂದು ವರುಷ, ನಡುವೆಲ್ಲೋ ಮುರಿದ ಒಂದು ಮದುವೆ,
ಗೆದ್ದಲು ಅವಳಿಗಿಂತ ಮೊದಲೇ ಓದಿ ಮುಗಿಸಿದ್ದ ಕಡತಗಳು.
ಮುಖಪುಟಕ್ಕೆ ನಿನ್ನೆ ಅಂಟಿಸಿದ ಬಂಗಾರದ ಬಿಲ್ಲೆ
ಸೆಕೆಗೆ ಅಂಚು ಬಿಡುತ್ತಿತ್ತು.

ಪಕ್ಕದಲ್ಲಿ ಹೊಗೆಮೀನಿನ ಬುಟ್ಟಿಯವಳು:
"ಬೈಬಲ್ಲೇನು?"
"ಅಲ್ಲಕ್ಕ, ಗ್ರಾಮಫೋನ್ ತಟ್ಟೆ ಬಂದ ಕಾಲದ
ನಮ್ಮ ಹಾಡುಗಳ ಚರಿತ್ರೆ."
"ಕುಣಿದದ್ದನ್ನು ಬರೆಯೋಕೆ ಇಷ್ಟು ದಪ್ಪ ಬೇಕೆ?"

ಏಳನೆಯ ಅಧ್ಯಾಯವೊಂದೇ ಸಾಕಿತ್ತು, ಅಂದಿದ್ದರು ತೀರ್ಪುಗಾರರು.
ಮೂವತ್ತೊಂಬತ್ತನೆಯ ಇಸವಿ, ಲೋಕೋಶೆಡ್ ಬ್ಯಾಂಡಿನ
ಒಂದೇ ಒಂದು ಅರಗಿನ ತಟ್ಟೆ.
ಗಿಟಾರಿನ ಅಡಿಯಲ್ಲೆಲ್ಲೋ ಧಪ್ಪೆನ್ನುವ ಪೆಟ್ಟು
ಬೀಳಬೇಕಾದಲ್ಲಿ ಬೀಳದೆ
ಎಳೆಯಷ್ಟು ತಡೆದು ಬೀಳುತ್ತದೆ.
ಆಮೇಲೆ ಕರಾವಳಿಯ ಬ್ಯಾಂಡುಗಳೆಲ್ಲ ಆ ತಡವನ್ನು ಕಲಿತವು.
ಅದು ಲೈಬೀರಿಯದ ನಾವಿಕರು ತಂದದ್ದೆಂದು
ಅರಬಾ ಸಾಧಿಸಿದ್ದಳು,
ಎಂಬತ್ತೆರಡು ಅಡಿಟಿಪ್ಪಣಿ ಸಮೇತ.

ಎಕ್ವಾ ದೊಂಕೊ ಅಂಗಳದಲ್ಲೇ ಇದ್ದಳು, ತೊಂಬತ್ತು ದಾಟಿದವಳು,
ಆ ಗಿಟಾರಿನವನ ತಂಗಿ.
ಏಳು ಸಲ ಇಲ್ಲಿಗೆ ಬಂದಿದ್ದ ಅರಬಾ
ಏಳು ಸಲವೂ ಕೇಳಿದ್ದು ಅಣ್ಣನನ್ನು.
ನೀರಿನ ಹೂಜಿಗೆ ಮುಚ್ಚಿದ್ದ ತಟ್ಟೆ
ಅದೇ ತಟ್ಟೆಯೆಂದು ಗೊತ್ತಾದದ್ದೇ ಐದನೆಯ ಸಲ.

ಇವತ್ತು ಓದಿ ಹೇಳಿದಳು, ಫಾಂಟಿಗೆ ತಿರುಗಿಸುತ್ತ:
ಆ ಪೆಟ್ಟು, ಆ ತಡ, ಆ ಹಡಗು.

ಮುದುಕಿ ಕೇಳಿಸಿಕೊಂಡಳು. ನಗಲಿಲ್ಲ.
"ನಾವಿಕರು ಯಾರೂ ಇರಲಿಲ್ಲ ಮಗಳೆ.
ಯಂತ್ರದ ಬಿಳಿಯ ಇಗೋ ಇಲ್ಲಿ ಕೂತಿದ್ದ.
ಆ ಗೋಡೆಯಾಚೆ ನಾನು ಫುಫು ಕುಟ್ಟುತ್ತಿದ್ದೆ.
ನಿಲ್ಲಿಸು ಅಂದ, ಕೈಸನ್ನೆಯಲ್ಲಿ.
ಹತ್ತು ಜನರ ಊಟ, ಹೇಗೆ ನಿಲ್ಲಿಸಲಿ?"

"ಮತ್ತೆ, ಆ ತಡ?"

ಎಕ್ವಾ ಇಲ್ಲದ ಒನಕೆಯನ್ನು ಎತ್ತಿದಳು.
ಎತ್ತಿದ್ದು ಅಲ್ಲೇ ನಿಂತಿತು.
"ಒರಳಲ್ಲಿ ಕೈಯಿಟ್ಟು ಮಗುಚುತ್ತಿದ್ದವಳು ಅಮ್ಮ.
ಆ ವರ್ಷ ಅವಳ ಬೆರಳು ಸೆಟೆದುಕೊಂಡಿದ್ದವು.
ಕೈ ತೆಗೆಯಲಿ ಅಂತ
ಕಾಯುತ್ತಿದ್ದೆ."

ಬೀದಿಯಲ್ಲಿ ಯಾವನೋ ಹುಡುಗ ಹೋದ, ಜೇಬಿನಲ್ಲಿ ಹಾಡು.
ಈ ವರ್ಷದ್ದು, ಕಂಪ್ಯೂಟರು ಬಾರಿಸುವ ಡೋಲು.
ಅದೂ ಎಳೆಯಷ್ಟು ತಡೆದೇ ಬೀಳುತ್ತಿತ್ತು,
ಯಾರ ಬೆರಳೂ ಇಲ್ಲದ ಒರಳಿಗೆ.

ಅರಬಾ ಪೆನ್ಸಿಲು ತೆಗೆದಳು. ಅಂಚಿನಲ್ಲಿ
"ವಾದ್ಯ: ಒನಕೆ" ಎಂದು ಬರೆದು,
ಹೆಸರು ಬರೆಯುವಲ್ಲಿ ನಿಂತಳು:
ಒಂದೋ, ಎರಡೋ?

ಎಕ್ವಾ ತಟ್ಟೆ ಸರಿಸಿ ನೀರು ಬಗ್ಗಿಸಿ ಕೊಟ್ಟಳು.
"ಯಂತ್ರದವನ ಗಡಿಬಿಡಿಗೆ
ಅವತ್ತಿನ ಫುಫುವಿನಲ್ಲಿ ಗಂಟು ಉಳಿಯಿತು.
ಅದನ್ನೂ ಬರೆದುಕೋ."