ತಪ್ಪ ಹೊಲಿಗಿ ಬಿಚ್ಚೂದು

ಹೊಲಿಗಿ ಕಲಿಸಾಕಿ ನಾನು. ಜೂನಿನಾಗ ಹೆಡ್‌ಮಾಸ್ತರ
ಲೈಬ್ರರಿ ಕೀಲಿಕೈನೂ ನನ್ನ ಕೈಯಾಗ ಇಟ್ಟರು.
"ಹ್ಯಾಂಗೂ ಮಧ್ಯಾಹ್ನ ಖಾಲಿ ಇರತೀರಿ" ಅಂದರು.

ಬೆಟಗೇರಿ ಸಾಲಿ ನಮ್ಮದು. ಲೈಬ್ರರಿ ಅಂದರ
ಬಿಸಿಯೂಟದ ಖೋಲಿ ಮಗ್ಗಲದ ಸಣ್ಣ ಖೋಲಿ.
ಯಾವ ಪುಸ್ತಕ ತೆಗದರೂ ತೊಗರಿಬ್ಯಾಳಿ ವಾಸನಿ.
ಒಂದು ಕಬ್ಬಿಣದ ಕಪಾಟು, ಅದರ ಮ್ಯಾಲ "ಮುಟ್ಟಬಾರದು".
ಬರದವರು ರಿಟೈರ್ ಆಗಿ ಒಂಬತ್ತು ವರ್ಷ ಆತು,
ಇನ್ನೂ ಯಾರೂ ಮುಟ್ಟಿದ್ದಿಲ್ಲ.

ಒಳಗ ನಾಕು ಟ್ಯಾಬು, ಥರ್ಮಾಕೋಲಿನಾಗ ಮಲಗಿದ್ದುವು.
ಚಾಲೂ ಮಾಡೂದು ನನಗ ಕಲಿಸಿದಾಕಿ
ಐದನೇತ್ತೆ ಶಮಶಾದ. "ಇಲ್ಲೆ ಒತ್ತರಿ, ಅಕ್ಕೋರ.
ಅಷ್ಟ ಜೋರ ಬ್ಯಾಡರಿ, ಅದೇನ ಹೊಲಿಗಿ ಮಷಿನ್ ಏನ್ರಿ?"

ನೆಟ್ವರ್ಕ್ ಸಿಗೂದು ಮೂರನೇ ಕಿಡಕ್ಯಾಗ ಮಾತ್ರ.
ಬೆಂಚ್ ಮ್ಯಾಲ ನಿಂತು, ಸಳಿ ಸಂದಿಯಿಂದ ಕೈ ಹೊರಗ ಚಾಚಿ
ಬಿಸಲಿಗೆ ಹಪ್ಪಳ ಹಿಡದಂಗ ಹಿಡೀತಾರ.
ಕತಿ ಇಳೀತಾವು, ಒಂದೊಂದ, ತಡಾ ಮಾಡಿ.
ಚಿತ್ರದ ಕತಿ, ತಾನ ಓದಿ ಹೇಳೂ ಕತಿ,
ಓದಿದ ಸಾಲಿಗೆ ಅರಿಷಿಣ ಹಚ್ಚಕೋತ ಹೋಗೂ ಕತಿ.
ಅದರಾಗಿನ ಅಜ್ಜಿ "ಬಾ ಮಗು" ಅಂದಳು.
ಹುಡುಗರು ಹೊಟ್ಟಿ ಹಿಡಕೊಂಡು ನಕ್ಕುವು.
ನಮ್ಮಲ್ಲೆ ಯಾವ ಆಯಿ ಹಂಗ ಅಂತಾಳ?
"ಬಾರಲೇ ಮಗನ" ಅಂತಾಳ.

ಫಕ್ಕೀರೇಶ ಏಳನೇತ್ತೆ.
ಬೋರ್ಡಿನ ಮ್ಯಾಲಿಂದು ನೋಡಿ ಬರೀತಾನ,
ಗುಂಡಗ, ಚಂದಗ, ನಕ್ಷಿ ತೆಗದಂಗ.
ಏನ ಬರದಿ ಅಂದರ ನೆಲಾ ನೋಡತಾನ.
ಏಳು ವರ್ಷ ಯಾರಿಗೂ ಗೊತ್ತಾಗಿದ್ದಿಲ್ಲ.
ನನಗ ಗೊತ್ತಾತು. ಹೂವಿನ ಹೆಸರು ಗೊತ್ತಿಲ್ಲದ
ಹೂವು ತೆಗಿಯೂ ಕೈ ನಾ ಭಾಳ ನೋಡೇನಿ.

ಮಾತಾಡಿದರ ಬರಿಯೂ ಗುಂಡಿ ಐತಿ ಅಂತ
ಶಮಶಾದ ಹುಡುಕಿದಳು. ಅವಾ ಬಾಯಿ ಹತ್ತರ ತಂದು
"ನನ್ನ ಹೆಸರ ಫಕ್ಕೀರೇಶ.
ನಮ್ಮಪ್ಪ ಮಗ್ಗದಾಗ ಅದಾನ" ಅಂದ.
ಟ್ಯಾಬು ಬರೀತು:
ನನ್ನ ಹೆಸರು ಪಕ್ಕಾ ರೇಷ್ಮೆ.
ನಮ್ಮಪ್ಪ ಮಗದಾಗ ಅದು ಆನೆ.

ಶಮಶಾದ ಓದಿದಳು, ಜೋರಾಗಿ. ಖೋಲಿಗೆ ಖೋಲಿನ ನಕ್ಕಿತು.
ಅವರ ಮನ್ಯಾಗ ನೇಯೂದು ನೂಲಿನ ಸೀರಿ, ರೇಷ್ಮಿ ಅಲ್ಲ.
ಅವಾ ನಗಲಿಲ್ಲ.
"ಅದು ನಾ ಅಲ್ಲರಿ, ಅಕ್ಕೋರ.
ನಮ್ಮಪ್ಪ ಆನಿ ಅಲ್ಲರಿ."

ಹೊಲಿಗಿ ಕ್ಲಾಸಿನಾಗ ಮೊದಲ ದಿನ ನಾ ಸೂಜಿ ಕೊಡೂದಿಲ್ಲ.
ತಪ್ಪ ಹೊಲದ ಅರಿಬಿ ಕೊಡತೇನಿ, ಬಿಚ್ಚರಿ ಅಂತೇನಿ.
ಇವಂಗೂ ಅದನ್ನ ಅಂದೆ:
ಬಿಚ್ಚಪಾ. ಎಲ್ಲೆ ತಪ್ಪೈತಿ ನೀನ ಹುಡುಕು.

ಒಂದ ದಿನಕ್ಕ ಆಗಲಿಲ್ಲ. ಎರಡು ಸರತಿ ಕರೆಂಟು ಹೋತು,
ನಡುವ ದಸರಾ ಸೂಟಿ ಬಂತು, ಒಮ್ಮೆ ಸಿಟ್ಟಿಗೆದ್ದು ಮನಿಗೆ ಹ್ವಾದ.
ಆದರ ಆನಿ ಅವನ ತಲ್ಯಾಗ ಕುಂತಿತ್ತು, ಏಳಲೊಲ್ಲದು.
'ನೆ'ಕ್ಕೂ 'ನ'ಕ್ಕೂ ಏನ ಫರಕು ಅಂತ ಕೇಳಿದ,
ಏಳು ವರ್ಷದಾಗ ಮೊದಲನೇ ಸಲ.

'ಮಗ್ಗ'ದ ಮುಂದ ಮತ್ತ ನಿಂತ. ಗ ಒತ್ತು, ಅಂದೆ.
ಬಾಲದಂಥಾ ಗುಂಡಿ ಒತ್ತು. ಇನ್ನೊಮ್ಮೆ ಗ ಒತ್ತು.
ಎರಡನೇ ಗ ಸರ್ರನ ಕೆಳಗ ಇಳದು ಕುಂತಿತು.
"ಅಕ್ಕೋರ" ಅಂದ, ಸಣ್ಣ ದನಿಯಿಂದ,
"ನಮ್ಮಪ್ಪ ಹಿಂಗ ಕುಂದ್ರತಾನರಿ, ಕುಣಿಯಾಗ ಕಾಲ ಬಿಟಗೊಂಡು."

ಎಲ್ಲಾ ಸರಿ ಮಾಡಿದ ಮ್ಯಾಲೂ
'ಮಗ್ಗದಾಗ', 'ಅದಾನ' ಎರಡರ ಬುಡಕ
ಕೆಂಪ ಗೆರಿ ಉಳೀತು, ಸೊಟ್ಟ ಟಾಕಿ ಹಾಕಿಧಂಗ.
"ಇನ್ನೂ ತಪ್ಪಂತರಿ."
ತಪ್ಪಲ್ಲ, ಅಂದೆ. ಅದಕ್ಕ ನಮ್ಮೂರು ಗೊತ್ತಿಲ್ಲ.
ಇದನ್ನ ಬಿಚ್ಚಬ್ಯಾಡ.

ಒಂದಗಳಗಿ ನೋಡಿದ.
"ಇರಲಿ ಬಿಡ್ರಿ" ಅಂದ, "ಸೀರಿಗೆ ಕೆಂಪ ದಡಿ ಇರತೈತಲ್ಲರಿ."

ನಾಕನೇ ಟ್ಯಾಬಿನ ಚಾರ್ಜರ್ ಇನ್ನೂ ಸಿಕ್ಕಿಲ್ಲ.
ಕಪಾಟಿನ ಮ್ಯಾಲಿನ "ಮುಟ್ಟಬಾರದು"
ಮನ್ನೆ ಯಾರೋ ಕೆರದಾರ, ಕಡೀ ಮೂರ ಅಕ್ಷರ.
ಯಾರಂತ ನಾ ಕೇಳಿಲ್ಲ.
ಈಗ ಬರೇ "ಮುಟ್ಟ" ಅಂತೈತಿ.